ಪದಚರ್ಚೆ: ‘ಗ್ರೀನ್‌ವಾಷಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ?

ತುಮಕೂರಿನಿಂದ:
ಡಿಸೆಂಬರ್ 24ರ ಗ್ರಾಹಕರ ದಿನಕ್ಕೆ ‘ಗ್ರೀನ್‌ವಾಷಿಂಗ್’ ಬಗ್ಗೆ, ಅಂದರೆ ಕಂಪನಿಗಳು ಪರಿಸರಕ್ಕೆ ಒಳ್ಳೆಯವರೆಂದು ಸುಳ್ಳೇ ತೋರಿಸಿಕೊಳ್ಳುವುದರ ಬಗ್ಗೆ, ಭಿತ್ತಿಪತ್ರ ಮಾಡಿಸುತ್ತಿದ್ದೇವೆ. ನಾಳೆ ಬೆಳಿಗ್ಗೆಯೇ ಪ್ರೆಸ್ಸಿಗೆ ಕೊಡಬೇಕು. ಗುಬ್ಬಿಯ ಸಂತೆಗೆ ಬರುವವರಿಗೂ ತಟ್ಟನೆ ತಿಳಿಯುವ ಮಾತು ಬೇಕು. ‘ಹಸಿರು ಬಳಿತ’ ಎಂದು ಬರೆದಿಟ್ಟಿದ್ದೇನೆ, ಸರಿಯೇ? ನಮ್ಮ ಮನೆಯ ಪಾತ್ರೆ ತೊಳೆಯುವ ಸೋಪಿನ ಬಾಟಲಿಯನ್ನೇ ನೋಡಿ: ಮುಂದೆ ಎರಡು ಎಲೆ, ‘ಪರಿಸರಸ್ನೇಹಿ’ ಎಂಬ ದಪ್ಪ ಅಕ್ಷರ. ಹಿಂದೆ ತಿರುಗಿಸಿದರೆ ಹೇಗೆ ಸ್ನೇಹಿ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಕೋಲಾರದಿಂದ:
‘ಹಸಿರು ಬಳಿತ’ ಸಾಕು. ಹಳಗನ್ನಡದ ‘ಪಸುರ್’ ಹಸುರಾಗಿ ಹಸಿರಾಯಿತು. ‘ಬಳಿ’ಯೂ ನಮ್ಮದೇ ಧಾತು. ಲೇಪನ, ಆವರಣ ಎಂದು ಯಾರೂ ಸಂಸ್ಕೃತ ತರಬೇಡಿ. ‘ಸೋಗು’ ಬೇಡವೇ ಬೇಡ. ಅದು ಮರಾಠಿಯ ‘ಸೋಂಗ್’.

ಚಿಕ್ಕಬಳ್ಳಾಪುರದಿಂದ:
ಮೇಷ್ಟರೇ, ಪದದ ಊರು ಕೇಳುವ ಮೊದಲು ಅದು ಏನು ಹೇಳುತ್ತದೆ ಎಂದು ಕೇಳಿ. ಇಂಗ್ಲಿಷರ ‘ವೈಟ್‌ವಾಷ್’ ಎಂದರೆ ಸುಣ್ಣ ಬಳಿಯುವುದು, ಅದರಲ್ಲಿ ತಪ್ಪು ಮುಚ್ಚುವ ಅರ್ಥವೂ ಇದೆ, ಅದೇ ಅಚ್ಚಿನಲ್ಲಿ ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ ‘ಗ್ರೀನ್‌ವಾಷಿಂಗ್’ ಎಂಬ ಹೊಸ ಪದ ಎರಕ ಹೊಯ್ದರು. ಹೋಟೆಲಿನವರು ಭೂಮಿಯ ಹೆಸರು ಹೇಳಿ ‘ಟವೆಲನ್ನು ಮತ್ತೆ ಬಳಸಿ’ ಎನ್ನುತ್ತಿದ್ದರು, ಉಳಿಯುತ್ತಿದ್ದುದು ಅವರ ಒಗೆತದ ಖರ್ಚು. ನಮ್ಮಲ್ಲಿ ಸುಣ್ಣ ಬಳಿಯುವುದು ಹಬ್ಬದ ಕೆಲಸ. ಯುಗಾದಿಗೆ ಮುಂಚೆ ನಮ್ಮಜ್ಜಿ ಸುಣ್ಣ ಕದಡಿ, ಕತ್ತಾಳೆ ನಾರಿನ ಕುಂಚ ಅದ್ದಿ ಗೋಡೆ ಬೆಳಗುತ್ತಿದ್ದರು. ಅದರಲ್ಲಿ ಮೋಸ ಎಲ್ಲಿದೆ? ‘ಬಳಿತ’ ಎಂದರೆ ಸಂತೆಯವರಿಗೆ ಬಣ್ಣದ ಅಂಗಡಿ ನೆನಪಾದೀತು. ಹಗಲುವೇಷದವರನ್ನು ಕಂಡ ನಮ್ಮ ಸೀಮೆಯ ಮಗುವಿಗೂ ‘ಸೋಗು’ ಗೊತ್ತು: ಒಳಗೊಬ್ಬ, ಹೊರಗೊಬ್ಬ. ಈ ಕಂಪನಿಗಳು ಮಾಡುವುದೂ ಅದನ್ನೇ.

ಎರವಲೇ ದೋಷವಾದರೆ ‘ಸುಣ್ಣ’ವೂ ‘ಚೂರ್ಣ’ದ ತದ್ಭವ. ಅದನ್ನು ಬಿಡಲು ಸಿದ್ಧರಿದ್ದೀರಾ?

‘ಹಸಿರು ಸೋಗು’ ಎಂದೇ ಹಾಕಿಸಿ. ಕೆಳಗೆ ಇದನ್ನೂ ಸೇರಿಸಿ: ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2024ರ ಅಕ್ಟೋಬರ್ ಮಾರ್ಗಸೂಚಿಯ ಪ್ರಕಾರ ‘ಹಸಿರು’, ‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂದು ಬರಿದೇ ಹೇಳಿಕೊಳ್ಳುವಂತಿಲ್ಲ. ಪುರಾವೆ ಇರಬೇಕು, ಅದು ಗ್ರಾಹಕರಿಗೆ ಸಿಗುವಂತಿರಬೇಕು. ನಿಮ್ಮ ಬಾಟಲಿಯ ಹಿಂಬದಿಯಲ್ಲಿ ಇಲ್ಲದಿರುವುದು ಅದೇ.

ಕೋಲಾರದಿಂದ:
ಒಪ್ಪುವುದಿಲ್ಲ. ತದ್ಭವ ಬೇರೆ, ನಿನ್ನೆ ಮೊನ್ನೆ ತಂದದ್ದು ಬೇರೆ. ಹೀಗೇ ತರುತ್ತಾ ಹೋದರೆ ಕನ್ನಡದಲ್ಲಿ ಕನ್ನಡವೆಂದು ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

ಚಿಕ್ಕಬಳ್ಳಾಪುರದಿಂದ:
ಸೋಗು ನಿನ್ನೆ ಮೊನ್ನೆಯದಲ್ಲ. ನಮ್ಮಜ್ಜಿ ಬೈಯುತ್ತಿದ್ದುದೇ ಆ ಪದದಲ್ಲಿ.

ತುಮಕೂರಿನಿಂದ:
‘ಹಸಿರು ಸೋಗು’ ಅಚ್ಚಿಗೆ ಹೋಯಿತು. ಪ್ರೆಸ್ಸಿನವರು ಅಂಚಿಗೆ ಎಲೆಯ ಚಿತ್ರ ಹಾಕಿದ್ದರು, ತೆಗೆಸಿದೆ.