ಕಾಫಿಪುಡಿ, ಹೋಂಸ್ಟೇ ಪ್ರಚಾರ: ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ತಲುಪಿಸೋದು ಹೇಗೆ?

ಪುಡಿ ಅಂಗಡಿ, ಚಿಕ್ಕಮಗಳೂರು:
ನಮ್ಮದು ಕಾಫಿಪುಡಿ ಅಂಗಡಿ, ಜೊತೆಗೆ ಗಿರಿ ಕಡೆಗೆ ನಾಲ್ಕು ಕೋಣೆಯ ಹೋಂಸ್ಟೇ. ಪ್ರಚಾರ ಅಂದರೆ ವಾಟ್ಸಾಪ್ ಪೋಸ್ಟರ್, ಇನ್‌ಸ್ಟಾಗ್ರಾಂ ರೀಲ್ಸ್, ಚಿಕ್ಕದೊಂದು ವೆಬ್‌ಸೈಟು, ರಾಜ್ಯೋತ್ಸವಕ್ಕೆ ಕರಪತ್ರ. ಕಣ್ಣು ಕಾಣದ ಗ್ರಾಹಕರೊಬ್ಬರು "ನಿಮ್ಮ ಪೋಸ್ಟರ್ ಬಂದರೆ ನನ್ನ ಫೋನು ಬರೀ 'ಫೋಟೋ' ಅನ್ನುತ್ತೆ" ಅಂದರು. ಬ್ರೈಲ್ ಕಾರ್ಡ್ ಮಾಡಿಸಬೇಕೆ? ವೆಬ್‌ಸೈಟಿಗೆ ಗಾಲಿಕುರ್ಚಿ ಚಿತ್ರದ ಬಟನ್ ಹಾಕಿಸಿದರೆ ಸಾಕೆ? ಖರ್ಚಿಗೆ ಹೆಚ್ಚು ದುಡ್ಡಿಲ್ಲ. ಎಲ್ಲಿಂದ ಶುರು ಮಾಡೋದು, ಗೊತ್ತಿರುವವರು ಹೇಳಿ.

ಟಾಕ್‌ಬ್ಯಾಕ್ ಬಳಕೆದಾರ, ಕಡೂರು:
ಬ್ರೈಲ್, ಬಟನ್ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಗ್ರಾಹಕರು ಹೇಳಿದ್ದೇ ಮೊದಲ ಕೆಲಸ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಆಂಡ್ರಾಯ್ಡಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್, ಕಂಪ್ಯೂಟರಿನ ಎನ್‌ವಿಡಿಎ ಇವೆಲ್ಲ ಪರದೆ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು, ಅಂದರೆ ಸ್ಕ್ರೀನ್ ರೀಡರ್‌ಗಳು. ಅವು ಅಕ್ಷರ ಓದುತ್ತವೆ, ಅಕ್ಷರದ ಚಿತ್ರ ಓದುವುದಿಲ್ಲ. ಈಗೀಗ ಕೆಲವು ಫೋನುಗಳು ಚಿತ್ರದೊಳಗಿನ ಬರಹವನ್ನೂ ಊಹಿಸುತ್ತವೆ. ಬಳ್ಳಿ ಬಿಟ್ಟ ಅಲಂಕಾರದ ಕನ್ನಡಕ್ಕೆ ಅದನ್ನು ನಂಬಿ ಕೂರಬೇಡಿ.

ಪೋಸ್ಟರಿನಲ್ಲಿ ಇರುವಷ್ಟನ್ನೂ ಪಠ್ಯವಾಗಿ ಟೈಪ್ ಮಾಡಿ ಪೋಸ್ಟರ್ ಜೊತೆಗೇ ಕಳಿಸಿ. ಮೊದಲ ಸಾಲಿನಲ್ಲಿ ಏನು ಮಾರುತ್ತಿದ್ದೀರಿ, ಎರಡನೆಯದರಲ್ಲಿ ಬೆಲೆ, ಆಮೇಲೆ ದಿನಾಂಕ, ಜಾಗ, ಫೋನು. ಉದ್ದದ ಸಂದೇಶವನ್ನು ವಾಟ್ಸಾಪ್ ಅರ್ಧಕ್ಕೆ ಮಡಚಿಡುತ್ತೆ, ಹಾಗಾಗಿ ಕವಿತೆ, ಶುಭಾಶಯ ಎಲ್ಲ ಕೊನೆಗೆ ಹೋಗಲಿ. ಚುಟುಕು ರೂಪ ಬೇಡ: "ಬೆ. 10" ಅಂತ ಬರೆದರೆ ಕಿವಿಗೆ "ಬೆ" ಅಂತಲೇ ಬೀಳೋದು, "ಬೆಳಿಗ್ಗೆ 10" ಅಂತ ಬರೆಯಿರಿ. "ಕಿ.ಮೀ." ಬದಲು "ಕಿಲೋಮೀಟರ್". ಫೋನ್ ನಂಬರ್ ತನ್ನದೇ ಸಾಲಿನಲ್ಲಿರಲಿ, ಮುಟ್ಟಿದರೆ ಕರೆ ಹೋಗುವಂತಿರಲಿ, ಅಂಕಿಗಳ ನಡುವೆ ಚುಕ್ಕಿ ಇಡಬೇಡಿ.

ಎಮೋಜಿ ಬಗ್ಗೆ ಒಂದು ಮಾತು. ಸಾಲಿಗೆ ಆರು ಕಾಫಿ ಕಪ್ ಹಾಕಿದರೆ ಆರು ಕಪ್ಪಿನ ಹೆಸರನ್ನೂ ಕೇಳಿಸಿಕೊಂಡೇ ಬೆಲೆಗೆ ಬರಬೇಕು. ಕೊನೆಯಲ್ಲಿ ಒಂದೋ ಎರಡೋ ಸಾಕು. ವೆಬ್‌ಸೈಟುಗಳಿಂದ ಕಾಪಿ ಮಾಡುವ ಫ್ಯಾನ್ಸಿ ಇಂಗ್ಲಿಷ್ ಅಕ್ಷರವೂ ಬೇಡ. ಅವು ನಿಜಕ್ಕೂ ಗಣಿತದ ಚಿಹ್ನೆಗಳು, ಓದುವ ತಂತ್ರಾಂಶ ಒಂದೊಂದನ್ನೇ ಬಿಡಿಸಿ ಹೇಳುತ್ತೆ, ಇಲ್ಲವೇ ಹಾರಿಸಿಬಿಡುತ್ತೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ಚಿತ್ರಕ್ಕೆ ಪರ್ಯಾಯ ಪಠ್ಯ, ಅಂದರೆ ಆಲ್ಟ್ ಟೆಕ್ಸ್ಟ್, ಬರೆಯಲು ಜಾಗವಿದೆ. "ಕಾಫಿ ಚಿತ್ರ" ಅಂತ ಬರೆದರೆ ಬರೆಯದಿದ್ದಂತೆಯೇ. "ಹಿತ್ತಾಳೆ ಫಿಲ್ಟರ್ ಪಕ್ಕ ಕಾಲು ಕೆಜಿ ಪ್ಯಾಕೆಟ್, ಮೇಲೆ ಕಾಫಿ 80, ಚಿಕೋರಿ 20 ಪ್ರತಿಶತ ಎಂದಿದೆ" ಅಂತ ಬರೆದರೆ ಕೊಳ್ಳುವವರಿಗೆ ಬೇಕಾದ್ದು ಸಿಕ್ಕಿತು.

ಹಾಸನದ ಡಿಟಿಪಿ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಪಠ್ಯ ಇದೆ ಅಂದುಕೊಂಡ ಕಡೆಯೂ ಪಠ್ಯ ಇರೋದಿಲ್ಲ. ನಮ್ಮ ಕಡೆ ಪ್ರೆಸ್ಸುಗಳಲ್ಲಿ ಇವತ್ತಿಗೂ ಪೇಜ್‌ಮೇಕರ್, ಹಳೆಯ ಕೋರಲ್‌ಡ್ರಾ ಥರದ ಪುಟ ವಿನ್ಯಾಸದ ತಂತ್ರಾಂಶ, ನುಡಿ ಅಥವಾ ಶ್ರೀಲಿಪಿಯ ಹಳೆ ಫಾಂಟುಗಳು ಓಡುತ್ತಿವೆ. ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರೋದು ಇಂಗ್ಲಿಷ್ ಸಂಕೇತ. ಪರೀಕ್ಷೆ ಸುಲಭ: ನಿಮ್ಮ ದರಪಟ್ಟಿಯ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. "ಕನ್ನಡ" ಅನ್ನುವ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಬಂದರೆ ಸ್ಕ್ರೀನ್ ರೀಡರಿಗೂ ಕೇಳಿಸೋದು ಅದೇ ಕಲಸುಮೇಲೋಗರ.

ಮದ್ದು ಯುನಿಕೋಡ್, ಅಂದರೆ ಕನ್ನಡ ಅಕ್ಷರವನ್ನು ಕನ್ನಡವೆಂದೇ ಒಳಗೂ ಇಡುವ ಸಂಕೇತ. ಹೊಸದಾಗಿ ಟೈಪ್ ಮಾಡಿಸಿದರೆ ತುಂಗಾ, ನಿರ್ಮಲಾ, ನೋಟೋ ಸ್ಯಾನ್ಸ್ ಕನ್ನಡ ಯಾವುದಾದರೂ ಆದೀತು. ಹಳೆಯದನ್ನು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಬದಲಿಸಬಹುದು, ಆದರೆ ಆಮೇಲೆ ಮೂರು ಜಾಗ ಕಣ್ಣಿಟ್ಟು ನೋಡಿ. ಒಂದು ಅರ್ಕಾವತ್ತು: ಹಳೆ ಸಂಕೇತದಲ್ಲಿ ಅದು ಅಕ್ಷರದ ನಂತರ ಕೂತಿರುತ್ತೆ, ಯುನಿಕೋಡಿನಲ್ಲಿ "ರ್" ಮೊದಲು ಬರಬೇಕು, ಹಾಗಾಗಿ "ಸೂರ್ಯ", "ವರ್ಷ" ಥರದ ಪದಗಳು ಕೆಡುತ್ತವೆ. ಎರಡು, ನಡುವೆ ಇದ್ದ ಇಂಗ್ಲಿಷ್ ಇಮೇಲ್ ವಿಳಾಸ ಕನ್ನಡದ ಗೋಜಲಾಗಿ ಬಂದಿರುತ್ತೆ. ಮೂರು, ದೀರ್ಘದ ಗುರುತು ಬಿಟ್ಟುಹೋಗಿರುತ್ತೆ.

ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಒಪ್ಪುವುದೇ ಇಲ್ಲ, ಅದರಲ್ಲಿ ಗುದ್ದಾಡಬೇಡಿ. ಇನ್‌ಡಿಸೈನಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಸರಿಹೋಗುತ್ತೆ. ಪ್ರೆಸ್ಸಿನವರು "ಯುನಿಕೋಡ್ ಆಗಲ್ಲ" ಅಂದರೆ ಅಚ್ಚು ಅವರ ಫಾಂಟಿನಲ್ಲೇ ಹಾಕಿಸಿ, ಆನ್‌ಲೈನಿಗೆ ಮಾತ್ರ ವರ್ಡಿನಲ್ಲಿ ಬೇರೆ ಪ್ರತಿ ಮಾಡಿ. ಶೀರ್ಷಿಕೆಗೆ ಹೆಡಿಂಗ್ ಸ್ಟೈಲ್ ಕೊಟ್ಟು, ಪಿಡಿಎಫ್ ಉಳಿಸುವಾಗ ಟ್ಯಾಗ್ (ಯಾವುದು ಶೀರ್ಷಿಕೆ, ಯಾವುದು ಪಠ್ಯ ಎಂದು ಸ್ಕ್ರೀನ್ ರೀಡರಿಗೆ ಹೇಳುವ ಗುರುತು) ಇರಿಸುವ ಆಯ್ಕೆ ಹಾಕಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಬೇಡವೇ ಬೇಡ.

ಅಚ್ಚಿನ ಗಾತ್ರ ಕಮ್ಮಿ ಅಂದರೂ 14 ಪಾಯಿಂಟ್, ಮಂದದೃಷ್ಟಿಯವರಿಗೆಂದೇ ಮಾಡುವ ಪ್ರತಿ 18. ಒತ್ತು ಕೆಳಗೆ ಇಳಿಯೋದರಿಂದ ಕನ್ನಡಕ್ಕೆ ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟಾದರೂ ಬೇಕು. ತೀರಾ ದಪ್ಪ ಫಾಂಟ್ ಹಾಕಿದರೆ ದ-ಧ, ಪ-ವ ಗುರುತು ಸಿಗೋದಿಲ್ಲ. ತೀರಾ ತೆಳುವಾದರೆ ಗುಡಿಸು, ದೀರ್ಘ ಮಾಯ. ಹೊಳೆಯುವ ಆರ್ಟ್ ಪೇಪರ್ ಬೆಳಕಿಗೆ ಕಣ್ಣು ಕುಕ್ಕುತ್ತೆ, ಮ್ಯಾಟ್ ತಗೊಳ್ಳಿ.

ಬಣ್ಣದ ಲೆಕ್ಕ:
ರಾಜ್ಯೋತ್ಸವ ಅಂದಿದ್ದೀರಿ, ಹಳದಿ-ಕೆಂಪು ಬಂದೇ ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ನಿಯಮಾವಳಿ ಡಬ್ಲ್ಯೂಸಿಎಜಿ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ 4.5ಕ್ಕೆ 1ರ ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು. ದೊಡ್ಡ ಅಕ್ಷರಕ್ಕೆ, ಅಂದರೆ 18 ಪಾಯಿಂಟ್ ಅಥವಾ ದಪ್ಪ 14 ಪಾಯಿಂಟಿನಿಂದ ಮೇಲೆ, 3ಕ್ಕೆ 1 ಸಾಕು. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಬರೆದರೆ 3.7 ಬರುತ್ತೆ. ತಲೆಬರಹಕ್ಕೆ ಆಯಿತು, ಕೆಳಗಿನ ವಿಳಾಸಕ್ಕೆ ಆಗಲಿಲ್ಲ. ಕೆಂಪನ್ನು ಗಾಢ ಮಾಡಿ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ) 176, 0, 0 ಇಟ್ಟರೆ ಅದೇ ಹಳದಿಗೆ 6.9ರ ಹತ್ತಿರ ಬರುತ್ತೆ. ಬಾವುಟದ ಬಣ್ಣವೂ ಉಳಿಯಿತು, ಓದಲೂ ಬಂತು.

ಕಾಫಿಯವರಿಗೆ ಇನ್ನೊಂದು ಚಟ, ಬಿಳಿ ಮೇಲೆ ಬಂಗಾರದ ಬಣ್ಣ (201, 162, 75). ಅದು ಬರೀ 2.4, ಕಣ್ಣು ಚೆನ್ನಾಗಿರುವವರಿಗೇ ಬಿಸಿಲಲ್ಲಿ ಕಾಣಲ್ಲ. ಕೆನೆಬಣ್ಣದ (245, 230, 211) ಮೇಲೆ ಕಡುಕಂದು (75, 46, 30) ಹಾಕಿದರೆ 10 ದಾಟುತ್ತೆ. ಕಾಂಟ್ರಾಸ್ಟ್ ಚೆಕರ್ ಅಂತ ಹುಡುಕಿದರೆ ಪುಕ್ಕಟೆ ಸಿಗುತ್ತೆ, ಎರಡು ಬಣ್ಣದ ಸಂಖ್ಯೆ ಕೊಟ್ಟರೆ ಉತ್ತರ ಬರುತ್ತೆ. ಮಂಜು ಮುಸುಕಿದ ಬೆಟ್ಟದ ಫೋಟೋ ಮೇಲೆ ನೇರವಾಗಿ ಬಿಳಿ ಅಕ್ಷರ ಬರೆಯಬೇಡಿ, ಕೆಳಗೊಂದು ಗಾಢ ಪಟ್ಟಿ ಎಳೆದು ಅದರ ಮೇಲೆ ಬರೆಯಿರಿ. "ಹಸಿರು ಕೋಣೆ ಖಾಲಿ, ಕೆಂಪು ಭರ್ತಿ" ಅಂತ ಬಣ್ಣದಲ್ಲಷ್ಟೇ ತೋರಿಸಬೇಡಿ, ಪಕ್ಕದಲ್ಲಿ ಪದವನ್ನೂ ಬರೆಯಿರಿ.

ಪುಡಿ ಅಂಗಡಿ, ಚಿಕ್ಕಮಗಳೂರು:
ನೋಟ್‌ಪ್ಯಾಡ್ ಪರೀಕ್ಷೆ ಮಾಡಿದೆ, ದರಪಟ್ಟಿಯ ಪಿಡಿಎಫ್ ಪೂರ್ತಿ ಪೌಂಡ್ ಚಿಹ್ನೆ! ರೀಲ್ಸ್‌ಗೆ ಏನು ಮಾಡಬೇಕು? ಹೆಚ್ಚಿನವು ಬರೀ ಹಾಡು, ದೃಶ್ಯ.

ಸಂಜ್ಞಾಭಾಷೆ ಮತ್ತು ವಿಡಿಯೋ:
ಹಾಡು-ದೃಶ್ಯದ ರೀಲು ಕಾಣದವರಿಗೆ ಬರೀ ಹಾಡು, ಕೇಳದವರಿಗೆ ಬರೀ ದೃಶ್ಯ. ಬೆಲೆ, ಹೆಸರು, ಜಾಗ ಮೂರನ್ನೂ ಬಾಯಲ್ಲಿ ಹೇಳಿ, ತೆರೆಯ ಮೇಲೂ ಬರೆಯಿರಿ. "ಇಲ್ಲಿ ನೋಡಿ, ಎಷ್ಟು ಚೆನ್ನಾಗಿದೆ" ಅಂದರೆ ಕಾಣದವರಿಗೆ ಏನೂ ಹೇಳಿದಂತಾಗಲಿಲ್ಲ. "ಜಗಲಿಯಿಂದ ಎದುರಿಗೇ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ" ಅಂದರೆ ಇಬ್ಬರಿಗೂ ದಕ್ಕುತ್ತೆ.

ಅಡಿಬರಹ ಒಂದು ಸಲಕ್ಕೆ ಎರಡು ಸಾಲು ಮೀರಬಾರದು, ಎರಡು ಸಾಲಿದ್ದರೆ ಮೂರು ಸೆಕೆಂಡಾದರೂ ನಿಲ್ಲಲಿ. ರೀಲಿನ ತೀರಾ ಕೆಳಗೆ ಬರೆದರೆ ಖಾತೆಯ ಹೆಸರು, ಬಟನ್ನುಗಳು ಅದರ ಮೇಲೆ ಕೂರುತ್ತವೆ, ಸ್ವಲ್ಪ ಮೇಲಕ್ಕೆ ತನ್ನಿ. ತಾನಾಗೇ ಬರುವ ಅಡಿಬರಹವನ್ನು ಹಾಗೇ ಬಿಡಬೇಡಿ, ಊರಿನ ಹೆಸರು, ಬೆಲೆ ಕೈಯಾರೆ ತಿದ್ದಿ. ಯೂಟ್ಯೂಬಿಗೆ ಅಡಿಬರಹದ ಎಸ್‌ಆರ್‌ಟಿ ಫೈಲ್ ಮಾಡುವುದಾದರೆ ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇದೆಯೇ ನೋಡಿ, ಹಳೆಯ ನೋಟ್‌ಪ್ಯಾಡಿನಲ್ಲಿ ಮರೆತರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ. ಮಿಂಚು ಹೊಡೆಯುವ ಎಫೆಕ್ಟ್ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬೇಡ, ಅಪಸ್ಮಾರ ಇರುವವರಿಗೆ ಅಪಾಯ.

ಅಡಿಬರಹ ಹಾಕಿದ ಮಾತ್ರಕ್ಕೆ ಎಲ್ಲ ಕಿವುಡರಿಗೂ ತಲುಪಿತು ಅನ್ನಬೇಡಿ. ಬಾಲ್ಯದಿಂದ ಕೇಳದವರಲ್ಲಿ ಅನೇಕರಿಗೆ ಭಾರತೀಯ ಸಂಜ್ಞಾಭಾಷೆಯೇ ಮೊದಲ ಭಾಷೆ, ಬರೆದ ಕನ್ನಡ ಎರಡನೆಯದು. ವಾಕ್ಯ ಚಿಕ್ಕದಾಗಿರಲಿ, ನುಡಿಗಟ್ಟಿನ ಶ್ಲೇಷೆ ಕಡಿಮೆ ಇರಲಿ. ಎಲ್ಲ ರೀಲಿಗೂ ಸಂಜ್ಞೆ ಹಾಕಿಸಲು ಕೈಗೆಟುಕದಿದ್ದರೆ, ಹೋಂಸ್ಟೇ ಪರಿಚಯದ ಒಂದೇ ವಿಡಿಯೋಗೆ ಹಾಕಿಸಿ, ಅದನ್ನು ಪುಟದ ಮೇಲ್ಭಾಗಕ್ಕೆ ಪಿನ್ ಮಾಡಿ. ಸಂಜ್ಞೆ ಮಾಡುವವರು ತೆರೆಯ ಕಾಲು ಭಾಗವಾದರೂ ಕಾಣಬೇಕು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಕೂರಿಸಿದರೆ ಬೆರಳು, ಮುಖಭಾವ ಎರಡೂ ತಿಳಿಯಲ್ಲ. ಸಂಜ್ಞಾಭಾಷೆಯಲ್ಲಿ ಮುಖಭಾವವೂ ವ್ಯಾಕರಣ. ಬುಕಿಂಗಿಗೆ ಬರೀ "ಕರೆ ಮಾಡಿ" ಅಂದರೆ ಇವರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ, "ಅಥವಾ ಇದೇ ನಂಬರಿಗೆ ಮೆಸೇಜ್ ಮಾಡಿ" ಅಂತ ಸೇರಿಸಿ.

ವೆಬ್ ಕೆಲಸದವನು:
ಆ ಗಾಲಿಕುರ್ಚಿ ಬಟನ್ ಬಗ್ಗೆ. ಅದು ಅಕ್ಷರ ಹಿಗ್ಗಿಸುತ್ತೆ, ಬಣ್ಣ ತಿರುಗಿಸುತ್ತೆ. ಆ ಸೌಲಭ್ಯ ಬೇಕಾದವರ ಫೋನಿನಲ್ಲಿ ಅದು ಆಗಲೇ ಇರುತ್ತೆ ಮಾರಾಯ್ರೆ. ಚಿತ್ರದೊಳಗಿನ ದರಪಟ್ಟಿಯನ್ನು ಅದು ಅಕ್ಷರ ಮಾಡಿಕೊಡುವುದಿಲ್ಲ, ಕೆಲವು ಸಲ ಸ್ಕ್ರೀನ್ ರೀಡರಿಗೇ ಅಡ್ಡ ಬರುತ್ತೆ. ಆ ದುಡ್ಡಿಗೆ ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನಿಂದ ನಾಲ್ಕು ಕೆಲಸ ಮಾಡಿಸಿ.

ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಘೋಷಿಸಿ. ಬಹಳಷ್ಟು ಟೆಂಪ್ಲೇಟುಗಳಲ್ಲಿ ಇಂಗ್ಲಿಷ್ ಅಂತಲೇ ಉಳಿದಿರುತ್ತೆ, ಆಗ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೋಗಿ ತೊದಲುತ್ತೆ ಅಥವಾ ಸುಮ್ಮನಾಗುತ್ತೆ. ಬುಕಿಂಗ್ ಫಾರಮ್ಮಿನಲ್ಲಿ ಪ್ರತಿ ಖಾನೆಗೂ ಲೇಬಲ್ ಕಟ್ಟಿ, ಖಾನೆಯೊಳಗಿನ ಮಸುಕು ಸುಳಿವು ಟೈಪ್ ಮಾಡಿದ ಕೂಡಲೇ ಹೋಗಿಬಿಡುತ್ತೆ. "ಇಲ್ಲಿ ಒತ್ತಿ" ಅನ್ನೋ ಕೊಂಡಿಗಳನ್ನು "ಕೋಣೆಗಳ ದರ ನೋಡಿ" ಅಂತ ಬದಲಿಸಿ, ಕೊಂಡಿಗಳನ್ನಷ್ಟೇ ಕೇಳುತ್ತಾ ಹೋಗುವವರಿಗೆ ಹತ್ತು "ಇಲ್ಲಿ ಒತ್ತಿ"ಯಲ್ಲಿ ಯಾವುದು ಯಾವುದೋ. ದಿನಾಂಕ ಆರಿಸುವ ಕ್ಯಾಲೆಂಡರ್ ಇದ್ದರೆ ಟೈಪ್ ಮಾಡುವ ದಾರಿಯೂ ಇರಲಿ. ಆಮೇಲೆ ಮೌಸ್ ಕಿತ್ತಿಟ್ಟು ಟ್ಯಾಬ್ ಮತ್ತು ಎಂಟರ್ ಕೀಲಿಯಲ್ಲೇ ಒಂದು ಬುಕಿಂಗ್ ಪೂರ್ತಿ ಮಾಡಿ ನೋಡಿ. ಸಿಕ್ಕಿಕೊಂಡ ಜಾಗವೇ ದುರಸ್ತಿ ಆಗಬೇಕಾದ ಜಾಗ. ಗಿರಿ ಕಡೆ ಸಿಗ್ನಲ್ ಗೊತ್ತಲ್ಲ, ಚಿತ್ರ ಲೋಡ್ ಆಗದಿದ್ದಾಗಲೂ ಆಲ್ಟ್ ಪಠ್ಯವೇ ಕಾಣೋದು.

ಅಳತೆ ಟೇಪು:
ಎಲ್ಲರೂ ರೂಪದ ಬಗ್ಗೆ ಹೇಳಿದಿರಿ, ನಾನು ಹೂರಣದ ಬಗ್ಗೆ ಹೇಳುತ್ತೇನೆ. ಹೋಂಸ್ಟೇ ಜಾಹೀರಾತಿನಲ್ಲಿ "ವೀಲ್‌ಚೇರ್ ಫ್ರೆಂಡ್ಲಿ" ಅಂತ ಬರೆಯಲೇಬೇಡಿ. ಅಳತೆ ಬರೆಯಿರಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬಾಗಿಲು ತೆರೆದಾಗ ಸಿಗುವ ಅಗಲ ಬೇಕು, 90 ಸೆಂಟಿಮೀಟರ್ ಇದ್ದರೆ ನೆಮ್ಮದಿ. ಬಚ್ಚಲಿನ ಬಾಗಿಲನ್ನೂ ಅಳೆಯಿರಿ, ಮನೆ ಬಾಗಿಲು ದೊಡ್ಡದಿದ್ದು ಬಚ್ಚಲಲ್ಲಿ ಎಲ್ಲ ಕೆಡೋದು. ಮಲೆನಾಡಿನ ಹಳೆ ಮನೆಯಲ್ಲಿ ಹೊಸ್ತಿಲು ಎಷ್ಟು ಎತ್ತರ, ಜಗಲಿಗೆ ಎಷ್ಟು ಮೆಟ್ಟಿಲು, ಕಂಬಿ ಇದೆಯೇ, ಕಾರು ಎಲ್ಲಿವರೆಗೆ ಬರುತ್ತೆ, ಅಲ್ಲಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ನೆಲ ಕಾಂಕ್ರೀಟೋ ಜಲ್ಲಿಯೋ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತೋ ಎಲ್ಲ ಬರಲಿ.

ರ‍್ಯಾಂಪ್ ಇದೆ ಅನ್ನುವುದಾದರೆ ಇಳಿಜಾರು 12ಕ್ಕೆ 1 ಇರಬೇಕು, ಅಂದರೆ ಅರ್ಧ ಅಡಿ ಮೆಟ್ಟಿಲಿಗೆ ಆರಡಿ ಉದ್ದದ ರ‍್ಯಾಂಪ್. ಎರಡಡಿ ಹಲಗೆ ಒರಗಿಸಿ "ರ‍್ಯಾಂಪ್ ಇದೆ" ಅಂದರೆ ಕುರ್ಚಿ ಹಿಂದಕ್ಕೆ ಮಗುಚುತ್ತೆ. ಸುತ್ತಮುತ್ತ ನೋಡುವ ಜಾಗಗಳ ಪಟ್ಟಿಯಲ್ಲೂ ಇದ್ದದ್ದು ಇದ್ದ ಹಾಗೆ ಬರೆಯಿರಿ: ಮುಳ್ಳಯ್ಯನಗಿರಿಯ ತುದಿಗೆ ಮೆಟ್ಟಿಲು ಹತ್ತಲೇಬೇಕು, ಬೇಲೂರು-ಹಳೇಬೀಡಿನ ಗುಡಿಗಳು ಎತ್ತರದ ಜಗತಿಯ ಮೇಲಿವೆ. ಬಾಗಿಲು, ಮೆಟ್ಟಿಲು, ಬಚ್ಚಲಿನ ಫೋಟೋ ಹಾಕಿ. ಸೂರ್ಯೋದಯದ ಫೋಟೋ ಎಲ್ಲರ ಹತ್ತಿರವೂ ಇದೆ.

ಬ್ರೈಲ್ ಕಲಿಸುವವರು:
ಬ್ರೈಲ್ ಕೇಳಿದ್ದಿರಿ. ಮಾಮೂಲಿ ವಿಸಿಟಿಂಗ್ ಕಾರ್ಡಿನಲ್ಲಿ ನಾಲ್ಕು ಸಾಲು, ಸಾಲಿಗೆ ಹದಿಮೂರು ಕೋಶ (ಚುಕ್ಕಿಗಳ ಒಂದೊಂದು ಮನೆ) ಹಿಡಿಯುತ್ತೆ, ಅಷ್ಟೆ. ಕನ್ನಡದ ಗುಣಿತ, ಒತ್ತುಗಳಿಗೆ ಬೇರೆ ಬೇರೆ ಕೋಶ ಬೇಕಾಗುವುದರಿಂದ ಅಂಗಡಿ ಹೆಸರು, ಫೋನು ಹಾಕುವಷ್ಟರಲ್ಲಿ ಮುಗಿಯಿತು. ದೃಷ್ಟಿ ಹೋದವರೆಲ್ಲ ಬ್ರೈಲ್ ಬಲ್ಲವರಲ್ಲ, ದೊಡ್ಡವರಾದ ಮೇಲೆ ಕಳೆದುಕೊಂಡವರಲ್ಲಂತೂ ಬಲ್ಲವರು ಕಡಿಮೆ. ಮಾಡಿಸಿದರೆ ಕೋಣೆಯಲ್ಲಿಡುವ ಊಟದ ಪಟ್ಟಿಗೆ ಮಾಡಿಸಿ, 140 ಜಿಎಸ್‌ಎಂಗಿಂತ ತೆಳು ಕಾಗದದಲ್ಲಿ ಚುಕ್ಕಿ ನಿಲ್ಲದು, ಮಡಚಿಯೂ ಇಡಬೇಡಿ. ಕ್ಯೂಆರ್ ಅಂಟಿಸಿದ ಕಡೆ ಬೆರಳಿಗೆ ಸಿಗುವಂತೆ ಸುತ್ತ ಉಬ್ಬು ಅಂಚು ಕೊಡಿ, ಕುರ್ಚಿಯಲ್ಲಿ ಕೂತವರ ಕೈಗೂ ಎಟುಕಲಿ.

ಕಾನೂನು ಗೊತ್ತಿರುವವರು:
ಚುಟುಕಾಗಿ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸೇವೆ ಕೊಡುವವರು ಸರ್ಕಾರಿಯೇ ಇರಲಿ, ಖಾಸಗಿಯೇ ಇರಲಿ, 46ನೇ ಕಲಂ ಇಬ್ಬರನ್ನೂ ಹೆಸರಿಸುತ್ತದೆ. ಸುಲಭಲಭ್ಯತೆಯ ಮಾನದಂಡ ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. "ನಮ್ಮದು ಸಣ್ಣ ಅಂಗಡಿ" ಅನ್ನುವ ಮಾತು ಬಹಳ ದಿನ ನಡೆಯಲ್ಲ.

ಪುಡಿ ಅಂಗಡಿ, ಚಿಕ್ಕಮಗಳೂರು:
ಎಲ್ಲರಿಗೂ ನಮಸ್ಕಾರ. ಇಷ್ಟನ್ನೂ ಮಾಡಿದ ಮೇಲೆ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ?

ಟಾಕ್‌ಬ್ಯಾಕ್ ಬಳಕೆದಾರ, ಕಡೂರು:
ಫೋನಿನ ಸೆಟ್ಟಿಂಗಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಅದರ ಧ್ವನಿಗೆ ಕನ್ನಡ ಆರಿಸಿ. ಬಲಕ್ಕೆ ಸವರಿದರೆ ಮುಂದಿನದು, ಎರಡು ಸಲ ತಟ್ಟಿದರೆ ಆಯ್ಕೆ. ಆಫ್ ಮಾಡೋದು ಹೇಗೆಂದು ಮೊದಲೇ ಕಲಿತುಕೊಳ್ಳಿ, ಇಲ್ಲದಿದ್ದರೆ ಫೋನು ಕೈಗೇ ಸಿಗಲ್ಲ. ಆಮೇಲೆ ಪರದೆ ಮೇಲೆ ಟವೆಲ್ ಹಾಕಿ, ನಿಮ್ಮದೇ ಸಂದೇಶದಿಂದ ಬೆಲೆ ತಿಳಿದು ಅಂಗಡಿಗೆ ಕರೆ ಮಾಡಲು ನೋಡಿ.

ಅದಾದ ಮೇಲೂ ನಿಜವಾಗಿ ಬಳಸುವವರ ಕೈಯಲ್ಲಿ ಕೊಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಇರುತ್ತಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ. ಅವರಿಗೆ ಹೇಳಿದರೆ ಆಸಕ್ತಿ ಇರುವವರನ್ನು ಪರಿಚಯ ಮಾಡಿಸುತ್ತಾರೆ. ಕಾಣದವರೊಬ್ಬರು, ಕೇಳದವರೊಬ್ಬರು, ಗಾಲಿಕುರ್ಚಿಯವರೊಬ್ಬರು, ಮೂವರು ಸಾಕು. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಡಿಸೆಂಬರಿಗೆ ಒಂದು ಕೋಣೆ ಬುಕ್ ಮಾಡಿ" ಅಂತ ಕೆಲಸ ಕೊಟ್ಟು, ಬಾಯಿ ಹಾಕದೆ ನೋಡುತ್ತಾ ಕೂತಿರಿ. ಅವರ ಅರ್ಧ ದಿನಕ್ಕೆ ಕೂಲಿ ಕೊಡಿ, ಒಂದು ಪ್ಯಾಕೆಟ್ ಪುಡಿ ಕೊಟ್ಟು ಕಳಿಸಬೇಡಿ.