ಚಿರತೆ ಸಾಂದ್ರತೆಯ ಪ್ರಬಂಧ ತಿದ್ದುಪಡಿಗೆ ವಾಪಸ್ ಬಂದಿದೆ, ಹಳೇ ಡೇಟಾ ಸಾಕಾ?

ಕುರುಚಲುಕಾಡು: ತುಮಕೂರು ಕಡೆ 22 ಜಾಗದಲ್ಲಿ 45 ರಾತ್ರಿ ಕ್ಯಾಮೆರಾ ಟ್ರ್ಯಾಪ್ ಇಟ್ಟಿದ್ದೆವು. ಮೈಮೇಲಿನ ಚುಕ್ಕೆ ನೋಡಿ 11 ಚಿರತೆ ಗುರುತಿಸಿದ್ದೇವೆ, ಒಟ್ಟು 38 ಸಲ ಸಿಕ್ಕಿವೆ. ಒಂದೊಂದು ಚಿರತೆಯ ಎರಡು ಸೆರೆಗಳ (ಕ್ಯಾಮೆರಾಕ್ಕೆ ಸಿಕ್ಕ ಜಾಗಗಳ) ನಡುವಿನ ಗರಿಷ್ಠ ದೂರದ ಸರಾಸರಿ ತೆಗೆದು, ಕ್ಯಾಮೆರಾ ಇಟ್ಟ ಪ್ರದೇಶದ ಸುತ್ತ ಅದರ ಅರ್ಧದಷ್ಟು ಅಂಚು ಸೇರಿಸಿ ಸಾಂದ್ರತೆ ಲೆಕ್ಕ ಹಾಕಿದ್ದೆವು. ವಿಮರ್ಶಕರು ಒಪ್ಪುತ್ತಿಲ್ಲ, ಎಸ್‌ಇಸಿಆರ್ (ಯಾವ ಪ್ರಾಣಿ ಎಲ್ಲೆಲ್ಲಿ ಸಿಕ್ಕಿತು ಅನ್ನೋದನ್ನೂ ಸೇರಿಸಿ ಸಾಂದ್ರತೆ ಅಂದಾಜಿಸುವ ವಿಧಾನ) ಮಾಡಿ ಅಂತಾರೆ. 7 ಜಾಗದಲ್ಲಿ ಒಂದೇ ಕ್ಯಾಮೆರಾ ಇತ್ತು.

ಹೆಜ್ಜೆಗುರುತು: ಸಾಕು. 38ರಲ್ಲಿ 11 ಕಳೆದರೆ 27 ಮರುಸೆರೆ. 20ಕ್ಕಿಂತ ಕಡಿಮೆ ಇದ್ದಿದ್ದರೆ ಯೋಚಿಸಬೇಕಿತ್ತು. ವಿಮರ್ಶಕರ ತಕರಾರು ನ್ಯಾಯವಾದದ್ದೇ: ಕೊನೆಯ ಕ್ಯಾಮೆರಾ ದಾಟಿ ಹೋದ ಚಿರತೆಯ ಓಡಾಟ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಅಂಚು ಕಿರಿದಾಗುತ್ತೆ, ಸಾಂದ್ರತೆ ಉಬ್ಬುತ್ತೆ. 1995ರಲ್ಲಿ ನಾಗರಹೊಳೆ ಹುಲಿಗಳ ಲೆಕ್ಕ ಪ್ರಕಟವಾದಾಗ ಎಸ್‌ಇಸಿಆರ್ ಇರಲೇ ಇಲ್ಲ, ಈಗ ಆ ನೆಪ ನಡೆಯಲ್ಲ.

ಆರ್‌ನಲ್ಲಿ (ಅಂಕಿಅಂಶದ ತಂತ್ರಾಂಶ) secr ಅನ್ನೋ ಪ್ಯಾಕೇಜ್ ಸಾಕು. ಡಿಟೆಕ್ಟರ್ ಬಗೆ 'ಪ್ರಾಕ್ಸಿಮಿಟಿ', ಅಂದರೆ ಪ್ರಾಣಿಯನ್ನು ಹಿಡಿದಿಡದೆ ಬಂದದ್ದನ್ನಷ್ಟೇ ದಾಖಲಿಸುವಂಥದ್ದು. ಟ್ರ್ಯಾಪ್ ಫೈಲಿನಲ್ಲಿ ಅಕ್ಷಾಂಶ-ರೇಖಾಂಶ ಹಾಕಬೇಡಿ. ಯುಟಿಎಂ (ಜಾಗವನ್ನು ಮೀಟರಿನಲ್ಲಿ ಹೇಳುವ ನಕ್ಷೆ ಪದ್ಧತಿ) ವಲಯ 43ರ ಮೀಟರ್ ಅಂಕಿ ಬೇಕು. ಡಿಗ್ರಿ ಹಾಕಿದರೆ ನಿಮ್ಮ ಇಡೀ ಕಾಡು ಒಂದು ಚಾಪೆಯಷ್ಟಾಗುತ್ತೆ! ಬ್ಯಾಟರಿ ಸತ್ತ ರಾತ್ರಿಗಳಿಗೆ 0, ಉಳಿದವಕ್ಕೆ 1 ಅಂತ 45 ಕಾಲಂ ಸೇರಿಸಿ. ಇಲ್ಲದಿದ್ದರೆ ಅದು 'ಚಿರತೆ ಬರಲಿಲ್ಲ' ಅಂತಲೇ ಓದಿಕೊಳ್ಳುತ್ತೆ. ಬಫರ್ (ಕ್ಯಾಮೆರಾಗಳ ಸುತ್ತ ಲೆಕ್ಕಕ್ಕೆ ಸೇರಿಸುವ ಅಂಚು) ಸಿಗ್ಮಾದ, ಅಂದರೆ ಚಿರತೆಯ ಓಡಾಟದ ಹರವು ಹೇಳುವ ಅಂಕಿಯ, 4 ಪಟ್ಟಿನಿಂದ ಶುರು ಮಾಡಿ, ಸಾಂದ್ರತೆ ಅಲುಗಾಡದೆ ನಿಲ್ಲುವವರೆಗೂ ಹಿಗ್ಗಿಸಿ. ಚಿರತೆ ಇರಬಹುದಾದ ಜಾಗದ ನಕ್ಷೆಗೆ ಮಾಸ್ಕ್ ಅಂತಾರೆ; ಕೆರೆ, ಊರು ಮಾಸ್ಕ್‌ನಿಂದ ಹೊರಗಿರಲಿ. ತಾಯಿ ಜೊತೆ ಓಡಾಡುವ ಮರಿಗಳನ್ನು ಎಣಿಸಬೇಡಿ.

ಎಡಮಗ್ಗುಲು: ಒಂದೇ ಕ್ಯಾಮೆರಾದ ಜಾಗಗಳದ್ದೇ ದೊಡ್ಡ ಗುಂಡಿ. ಚಿರತೆಯ ಎರಡು ಮಗ್ಗುಲಿನ ಚುಕ್ಕೆ ಬೇರೆಬೇರೆ, ಅಲ್ಲಿ ಒಂದೇ ಮಗ್ಗುಲಿನ ಚಿತ್ರ ಸಿಗುತ್ತೆ. ಎರಡೂ ಮಗ್ಗುಲಿನ ಚಿತ್ರ ಇರುವ ಚಿರತೆಗಳು ಹಾಗೇ ಇರಲಿ. ಬರೀ ಎಡ ಮಗ್ಗುಲು, ಬರೀ ಬಲ ಮಗ್ಗುಲು ಸಿಕ್ಕಿದವುಗಳಲ್ಲಿ ಯಾವ ಕಡೆ ಹೆಚ್ಚು ಪ್ರಾಣಿ ಇವೆಯೋ ಅದನ್ನಷ್ಟೇ ಇಟ್ಟುಕೊಂಡು ಇನ್ನೊಂದನ್ನು ಬಿಡಿ. ಎರಡನ್ನೂ ಕೂಡಿಸಿದರೆ ಒಂದೇ ಚಿರತೆ ಎರಡಾಗುತ್ತೆ. ಗುರುತಿಸುವ ಕೆಲಸವನ್ನು ಇಬ್ಬರು ಬೇರೆಬೇರೆ ಮಾಡಿ ತಾಳೆ ನೋಡಿ, ಪ್ರಬಂಧದಲ್ಲೂ ಹಾಗೇ ಬರೆಯಿರಿ.

ಕುರುಚಲುಕಾಡು: ಥ್ಯಾಂಕ್ಸ್. ಸುಮ್ಮನೆ ಓಡಿಸಿ ನೋಡಿದೆ, ಸಾಂದ್ರತೆ 0.0005 ಅಂತ ಬಂತು. ಏನೋ ತಪ್ಪಾಗಿದೆ ಅಲ್ವಾ?

ಹೆಜ್ಜೆಗುರುತು: ತಪ್ಪಿಲ್ಲ, ಅದು ಹೆಕ್ಟೇರಿಗೆ. 10,000ದಿಂದ ಗುಣಿಸಿ: 100 ಚದರ ಕಿಲೋಮೀಟರಿಗೆ 5. ಅದರ ಜೊತೆ ವಿಶ್ವಾಸಾಂತರವನ್ನೂ (ನಿಜ ಸಂಖ್ಯೆ ಎಷ್ಟರಿಂದ ಎಷ್ಟರೊಳಗೆ ಇರಬಹುದು ಅನ್ನೋದನ್ನೂ) ಕೊಡಿ, ಬರೀ 5 ಅಂದರೆ ಮತ್ತೆ ವಾಪಸ್ ಬರುತ್ತೆ.

ಎಡಮಗ್ಗುಲು: ಇನ್ನೊಂದು. ಡೇಟಾ ಬಹಿರಂಗ ಮಾಡಿ ಅಂತ ಪತ್ರಿಕೆ ಕೇಳಿದರೆ ಕ್ಯಾಮೆರಾ ಇಟ್ಟ ಜಾಗದ ನಿಖರ ಅಂಕಿ ಕೊಡಬೇಡಿ. ಬೇಟೆಗಾರರೂ ಓದುತ್ತಾರೆ. ಎಲ್ಲಾ ಬಿಂದುಗಳನ್ನೂ ಒಂದೇ ಅಳತೆಯಲ್ಲಿ ಪಕ್ಕಕ್ಕೆ ಸರಿಸಿ ಕೊಟ್ಟರೆ ನಡುವಿನ ದೂರ ಕೆಡಲ್ಲ. ಮಾಸ್ಕನ್ನೂ ಅಷ್ಟೇ ಸರಿಸಿ.