‘ಪೀಕ್ ಸನ್ ಅವರ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕರೆಂಟ್ ಲೈನ್ ಇಲ್ಲದ ಕಡೆ ಇಡುವ ಸಲಕರಣೆಗಳಿಗೆ ಎಷ್ಟು ದೊಡ್ಡ ಸೋಲಾರ್ ಪ್ಯಾನೆಲ್, ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು ಲೆಕ್ಕ ಹಾಕಲು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವ್ಯಾಟ್, ವೋಲ್ಟ್, ಪ್ಯಾನೆಲ್ ಎಲ್ಲ ಹಾಗೇ ಇರಲಿ. ಅವಕ್ಕೆ ಪದ ಕಟ್ಟುವ ಉಮೇದು ನನಗಿಲ್ಲ. ತೊಡಕಾಗಿರುವುದು ‘ಪೀಕ್ ಸನ್ ಅವರ್ಸ್’.

‘ಗರಿಷ್ಠ ಬಿಸಿಲಿನ ಗಂಟೆಗಳು’ ಎಂದು ಬರೆದು ಗೆಳೆಯರಿಗೆ ಓದಲು ಕೊಟ್ಟೆ. ಒಬ್ಬರು ಅದನ್ನು ನೆತ್ತಿ ಸುಡುವ ಮಧ್ಯಾಹ್ನ ಅಂದುಕೊಂಡರು. ಇನ್ನೊಬ್ಬರು ಬಿಸಿಲು ಕಾಣುವಷ್ಟು ಹೊತ್ತೂ ಅಂದುಕೊಂಡರು. ಎರಡೂ ಅಲ್ಲ. ನಿಜ ಹೇಳಬೇಕೆಂದರೆ ಇದು ಗಡಿಯಾರದ ಗಂಟೆಯೇ ಅಲ್ಲ. ಚದರ ಮೀಟರಿಗೆ 1000 ವ್ಯಾಟ್ ಬೀಳುವ ಬಿಸಿಲನ್ನು ಅಳತೆಯಾಗಿ ಇಟ್ಟುಕೊಳ್ಳಬೇಕು. ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು, ಎಲ್ಲ ಕೂಡಿಸಿದರೆ ಅಂಥ ಬಿಸಿಲಿನ ಎಷ್ಟು ಗಂಟೆಗೆ ಸಮ ಅನ್ನುವುದೇ ಈ ಲೆಕ್ಕ. ದಿನವಿಡೀ ಚದರ ಮೀಟರಿಗೆ 4 ಕಿಲೋವ್ಯಾಟ್-ಅವರ್ ಬಿದ್ದರೆ 4 ಗಂಟೆ. ಪ್ಯಾನೆಲ್ ಹಿಂದೆ ಬರೆದಿರುವ ವ್ಯಾಟ್ ಕೂಡ ಇದೇ 1000ದ ಬಿಸಿಲಿಗೆ ಅಳೆದದ್ದು. ಹಾಗಾಗಿ ಪ್ಯಾನೆಲ್ ದಿನಕ್ಕೆ ಎಷ್ಟು ವ್ಯಾಟ್-ಅವರ್ ಕೊಡುತ್ತದೆ ಎಂದು ತಿಳಿಯಲು ಎರಡನ್ನೂ ಸುಮ್ನೆ ಗುಣಿಸಬಹುದು.

ಇಲ್ಲಿ ಪದ ಎಡವಿದರೆ ಪ್ಯಾನೆಲ್ಲೇ ಚಿಕ್ಕದಾಗುತ್ತದೆ. 10 ವ್ಯಾಟಿನ ಯಂತ್ರ ಹಗಲು ರಾತ್ರಿ ಓಡಿದರೆ ದಿನಕ್ಕೆ 240 ವ್ಯಾಟ್-ಅವರ್ ಬೇಕು. ಹಗಲಲ್ಲಿ 10 ಗಂಟೆ ಬಿಸಿಲಿದೆ ಎಂದು ಭಾಗಿಸಿದವರು 24 ವ್ಯಾಟಿನ ಪ್ಯಾನೆಲ್ ಸಾಕು ಅನ್ನುತ್ತಾರೆ. ಸರಿಯಾದ 4ರಿಂದ ಭಾಗಿಸಿದರೆ 60. ಬಿಸಿ, ಧೂಳು, ವೈರು, ಚಾರ್ಜಿಂಗ್‌ನಲ್ಲಿ 30 ಶೇಕಡಾ ಸೋರಿಹೋಗುತ್ತದೆ ಎಂದು ಹಿಡಿದರೆ ಸುಮಾರು 86. ಅಂದರೆ 100 ವ್ಯಾಟಿನ ಪ್ಯಾನೆಲ್ಲೇ ಬೇಕು. ಈ 4 ಕೂಡ ವರ್ಷದ ಸರಾಸರಿ ಆಗಬಾರದು, ಬಿಸಿಲು ತೀರಾ ಕಡಿಮೆ ಇರುವ ತಿಂಗಳಿನದಾಗಿರಬೇಕು.

‘ಬಿಸಿಲ ಗಂಟೆ’ ಸಾಕಲ್ವಾ ಅಂತ ಕೇಳಬಹುದು. ಅದು ಹವಾಮಾನದವರ ‘ಸನ್‌ಶೈನ್ ಅವರ್ಸ್’ಗೆ ಬೇಕಾಗುತ್ತದೆ. ಅವರದು ನೇರ ಬಿಸಿಲು ಚದರ ಮೀಟರಿಗೆ 120 ವ್ಯಾಟ್ ದಾಟಿದ ಹೊತ್ತಿನ ಎಣಿಕೆ, ಅಳತೆಯೇ ಬೇರೆ. ನನಗೆ ಹೊಳೆದದ್ದು ‘ತುಂಬುಬಿಸಿಲ ಗಂಟೆ’. ‘ಸಮಬಿಸಿಲ ಗಂಟೆ’ ಅನ್ನುವುದೂ ತಲೆಯಲ್ಲಿದೆ. ಅರ್ಥಕ್ಕೆ ಅದೇ ಹತ್ತಿರ, ಆದರೆ ಕಿವಿಗೆ ಹಿತವಿಲ್ಲ.

ಇನ್ನೊಂದು ‘ಡೇಸ್ ಆಫ್ ಆಟಾನಮಿ’. ಬಿಸಿಲೇ ಬೀಳದಿದ್ದರೂ ಬ್ಯಾಟರಿ ಎಷ್ಟು ದಿನ ತಳ್ಳಬೇಕು ಅನ್ನುವುದು. ‘ಸ್ವಾಯತ್ತ ದಿನಗಳು’ ಅಂದರೆ ಯಾವುದೋ ಮಂಡಳಿಯ ಮಾತಿನ ಹಾಗೆ ಕೇಳುತ್ತದೆ. ‘3 ದಿನದ ದಾಸ್ತಾನು’ ಎಂದು ಬರೆದಿದ್ದೇನೆ. ಮೇಲಿನ 10 ವ್ಯಾಟಿನ ಯಂತ್ರಕ್ಕೇ ಆದರೆ 3 ದಿನಕ್ಕೆ 720 ವ್ಯಾಟ್-ಅವರ್, 12 ವೋಲ್ಟಿನ ಬ್ಯಾಟರಿಯಲ್ಲಿ 60 ಆಂಪಿಯರ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು ಎಂದಿಟ್ಟುಕೊಂಡರೆ ಕೊಳ್ಳಬೇಕಾದದ್ದು 120ರದ್ದು. ಈಗ ‘ದಾಸ್ತಾನು’ ಅಂದರೆ ಓದುವವರು 60 ಅಂದುಕೊಳ್ಳುತ್ತಾರೋ, 120 ಅಂದುಕೊಳ್ಳುತ್ತಾರೋ? ಈ ಕೆಲಸ ಮಾಡುವವರ ಬಾಯಲ್ಲಿ ಬೇರೆ ಮಾತು ಓಡಾಡುತ್ತಿದ್ದರೆ ದಯವಿಟ್ಟು ತಿಳಿಸಿ.